ಹಸೆ ಹಾಡಿನ ಸಿ.ಡಿ.

ಬೀರುವಿನ ಕೆಳಗಿನ ಖಾನೆಯಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ನಮ್ಮ ಮದುವೆಯ ಎರಡು ಸಿ.ಡಿ.ಗಳಿದ್ದವು. ಹೋದ ಬೇಸಿಗೆ ರಜೆಯಲ್ಲಿ ನೋಡೋಣವೆಂದು ತೆಗೆದರೆ ಹಾಕಲು ಯಂತ್ರವೇ ಇಲ್ಲ. ಮಗಳ ಲ್ಯಾಪ್‌ಟಾಪಿಗೆ ಸಿ.ಡಿ. ನುಂಗುವ ಬಾಯಿಯೇ ಇಲ್ಲ!

ನಮ್ಮ ಮದುವೆ 1993ರಲ್ಲಿ. ಆಗ ವೀಡಿಯೋ ಎಂದರೆ ವಿ.ಎಚ್.ಎಸ್. ಕ್ಯಾಸೆಟ್ಟು; ಜಪಾನಿನ ಜೆ.ವಿ.ಸಿ. ಕಂಪನಿ 1976ರಲ್ಲಿ ಹೊರತಂದದ್ದು. 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ. ಬಂತು. ಆಮೇಲೆ ನಮ್ಮಂಥ ಊರುಗಳಿಗೆ ಬಾಡಿಗೆ ವಿ.ಸಿ.ಪಿ. ಬಂತು, ಅದರ ಬೆನ್ನಿಗೇ ಮದುವೆ ಮನೆಯ ವೀಡಿಯೋದವರು. ಹಸೆಯ ಮೇಲೆ ಕೂತಾಗ ಹೋಮದ ಹೊಗೆಗಿಂತ ಅವರ ದೀಪದ ಕಾವಿಗೇ ನಾನು ಹೆಚ್ಚು ಬೆವರಿದ್ದೆ.

ಹನ್ನೊಂದು ವರ್ಷಕ್ಕೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ಸ್ಟುಡಿಯೋ ಒಂದರಲ್ಲಿ ಸಿ.ಡಿ. ಮಾಡಿಸಿದೆವು. ಒಂದು ವೀಡಿಯೋ ಸಿ.ಡಿ.ಗೆ ಸುಮಾರು 74 ನಿಮಿಷ ಮಾತ್ರ ಹಿಡಿಯುವುದರಿಂದ ಎರಡು ಬೇಕಾದವು. "ಇನ್ನು ನೂರು ವರ್ಷ ಚಿಂತೆಯಿಲ್ಲ ಮೇಡಂ" ಎಂದರು. ನಂಬಿ, ಕ್ಯಾಸೆಟ್ಟನ್ನು ನಾನೇ ಗುಜರಿಗೆ ಹಾಕಿದೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ಇಂದಿಗೂ ಓದಬಹುದು ಎಂದು ಮಕ್ಕಳಿಗೆ ಪಾಠ ಮಾಡುವವಳು, ಮನೆಯ ಮೂಲ ದಾಖಲೆಯನ್ನು ಎಸೆದುಬಿಟ್ಟೆ.

ಅಕ್ಕನ ಮಗ ಯು.ಎಸ್.ಬಿ.ಗೆ ಸಿಕ್ಕಿಸುವ ಡ್ರೈವ್ ತಂದ. ಸಿ.ಡಿ.ಯೊಳಗೆ 'ಎಂಪೆಗ್ಎವಿ' ಎಂಬ ಫೋಲ್ಡರು, ಅದರಲ್ಲಿ ದೊಡ್ಡದೊಂದು 'ಡ್ಯಾಟ್' ಕಡತ, ಅದೇ ಚಿತ್ರ. ಮೊದಲನೆಯದು ಸಲೀಸಾಗಿ ಕಂಪ್ಯೂಟರಿಗೆ ಇಳಿಯಿತು. ಎರಡನೆಯದು ಮುಕ್ಕಾಲು ದಾರಿಯಲ್ಲಿ ನಿಂತಿತು. ನನ್ನ ಎದೆ ಧಸಕ್ಕೆಂದಿತು. ಅಮ್ಮ ಹಸೆ ಹಾಡು ಹೇಳಿದ್ದು ಅದರಲ್ಲೇ. ಅಮ್ಮ ಹೋಗಿ ಹದಿನಾಲ್ಕು ವರ್ಷ. ಅವರ ದನಿ ಬೇರೆಲ್ಲೂ ಇಲ್ಲ.

"ಚಿಕ್ಕಮ್ಮ, ಇದರ ಮೇಲೆ ಬಾಲ್‌ಪೆನ್ನಲ್ಲಿ ಬರೆದವರ್ಯಾರು?" ಎಂದ. ನಾನೇ, 'ಮದುವೆ-2' ಎಂದು ಒತ್ತಿ ಬರೆದಿದ್ದೆ. ಸಿ.ಡಿ.ಯಲ್ಲಿ ಬೆಳಕು ಮರಳಿಸುವ ಲೋಹದ ಪದರ ಇರುವುದು ಕೆಳಗಲ್ಲ, ಹೆಸರು ಬರೆಯುವ ಮೈಯ ಅಡಿಯಲ್ಲೇ. ಅಂಗಡಿಯ ಸಿನಿಮಾ ಸಿ.ಡಿ.ಗಳಲ್ಲಿ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ಹೀಗೆ ಬರೆಸಿಕೊಂಡ ಸಿ.ಡಿ.ಗಳಲ್ಲಿರುವುದು ತೆಳುವಾದ ಬಣ್ಣ, ಲೇಸರ್ ಅದರಲ್ಲಿ ಗುರುತು ಮಾಡುತ್ತದೆ. ಬಿಸಿಲಿಗೆ, ಶೆಕೆಗೆ ಆ ಬಣ್ಣ ಕೆಡುತ್ತದೆ, ಗಟ್ಟಿಯಲ್ಲದ ಬಣ್ಣದ ಸೀರೆಯ ಹಾಗೆ.

ನಾನು ಸೆರಗಿನಿಂದ ಒರೆಸಹೋದರೆ ಅವನು ಕೈ ಹಿಡಿದ. ತಟ್ಟೆ ಒರೆಸಿದ ಹಾಗೆ ಸುತ್ತ ಒರೆಸಬಾರದಂತೆ; ನಡುವಿನಿಂದ ಅಂಚಿಗೆ ನೇರವಾಗಿ, ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಸುತ್ತ ಬಿದ್ದ ಗೀರು ಒಂದೇ ಕಡೆಯ ಸಾಲನ್ನು ಉದ್ದಕ್ಕೂ ತಿಂದುಬಿಡುತ್ತದೆ, ಅಡ್ಡಗೀರನ್ನು ಯಂತ್ರ ಹೇಗೋ ಸರಿದೂಗಿಸಿಕೊಳ್ಳುತ್ತದೆ. ನಂತರ, ಓದಲಾಗದ್ದನ್ನು ದಾಟಿ ಹೋಗಿ ಮತ್ತೆ ಮತ್ತೆ ಬಂದು ಪ್ರಯತ್ನಿಸುವ ತಂತ್ರಾಂಶವೊಂದನ್ನು ಹಾಕಿ ರಾತ್ರಿಯಿಡೀ ಬಿಟ್ಟ. ನಿದ್ದೆ ನನಗೂ ಬರಲಿಲ್ಲ.

ಬೆಳಿಗ್ಗೆ ಅಮ್ಮ ಕಂಡರು. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು, ದನಿ ಮಾತ್ರ ಅಮ್ಮನದೇ. ಎರಡನೆಯ ನುಡಿಯಲ್ಲಿ ಒಂದು ಸಾಲು ಪೂರ್ತಿ ಇಲ್ಲ. ಅಕ್ಕನಿಗೂ ಅದು ನೆನಪಿಲ್ಲ.

ಪ್ರತಿ ಈಗ ಮೂರು ಕಡೆ ಇದೆ: ಕಂಪ್ಯೂಟರಿನಲ್ಲಿ, ಪೆನ್‌ಡ್ರೈವಿನಲ್ಲಿ, ಅಕ್ಕನ ಮನೆಯಲ್ಲಿ. ಅರಸೀಕೆರೆಯಲ್ಲಿರುವ ಸೋದರತ್ತೆ ಅಂದು ಅಮ್ಮನ ಜೊತೆ ದನಿಗೂಡಿಸಿದ್ದರು. ಫೋನು ಮಾಡಿದೆ. "ಫೋನಿನಲ್ಲಿ ಹಾಡು ಬರೋಲ್ಲ ಕಣೇ, ಭಾನುವಾರ ಬಾ" ಎಂದಿದ್ದಾರೆ.