ಹಳೇ 800, ಓಮ್ನಿ ಕೈಕೊಟ್ರೆ ಮೊದಲು ಏನು ನೋಡ್ಬೇಕು? ಗ್ಯಾರೇಜ್‌ಗೆ ಹೋಗೋ ಮುಂಚೆ ಹತ್ತು ನಿಮಿಷದ ಪರೀಕ್ಷೆ

ನಂಜನಗೂಡು/ತಿ.ನರಸೀಪುರ: ಬೆಳಗ್ಗೆ ಐದೂವರೆಗೆ ಸಾಮಾನು ತರೋಕೆ ಮೈಸೂರಿಗೆ ಹೊರಡಬೇಕು. ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು. ನಮ್ಮ ಎರಡೂ ತಾಲ್ಲೂಕಿನ ಅಂಗಡಿಯವರಿಗೆ ಇದು ಹೊಸ ವಿಷಯ ಏನಲ್ಲ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿದೆ, ಓಮ್ನಿ 2019ರಲ್ಲಿ ನಿಂತಿತು. ಆದರೂ ಸಂತೆ, ಮದುವೆ, ಆಸ್ಪತ್ರೆ ಎಲ್ಲಕ್ಕೂ ಇವತ್ತಿಗೂ ಇವೇ ಗಾಡಿಗಳು. ಎರಡರಲ್ಲೂ ಇರೋದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಹಾಗಾಗಿ ಇಲ್ಲಿ ಹೇಳೋದು ಎರಡಕ್ಕೂ ಅನ್ವಯಿಸುತ್ತೆ, ಬೇರೆ ಹಳೇ ಪೆಟ್ರೋಲ್ ಕಾರುಗಳಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ.

ನಮ್ಮ ಮನೆಯ ಓಮ್ನಿಗೆ ಹಿಂದೆ ಒಮ್ಮೆ ಹೊಸ ಬ್ಯಾಟರಿ ಹಾಕಿಸಿದೆವು. ಸರಿ ಹೋಗಲಿಲ್ಲ ಅಂತ ತಿಂಗಳು ಬಿಟ್ಟು ಸ್ಟಾರ್ಟರ್ ಮೋಟಾರ್ ಬದಲಾಯಿಸಿದೆವು. ಕೊನೆಗೆ ಸಿಕ್ಕ ದೋಷ ಏನು ಗೊತ್ತಾ? ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ ಹೋಗೋ ಅರ್ತ್ ವೈರ್‌ನ ಬೋಲ್ಟ್ ತುಕ್ಕು ಹಿಡಿದಿತ್ತು. ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಬಿಗಿ ಮಾಡಿದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್. ಕೊಟ್ಟ ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಹಳೇ ಕಾರಿನಲ್ಲಿ ಪಾರ್ಟ್ ಸಾಯೋದಕ್ಕಿಂತ ಜಾಯಿಂಟ್ ಕೆಡೋದು ಜಾಸ್ತಿ. ಅದಕ್ಕೇ ಪಾರ್ಟ್ ಬದಲಾಯಿಸೋ ಮುಂಚೆ ಈ ಕ್ರಮದಲ್ಲಿ ನೋಡ್ಕೊಂಡು ಬನ್ನಿ.

*ಕೀ ತಿರುಗಿಸಿದರೂ ಎಂಜಿನ್ ತಿರುಗ್ತಿಲ್ಲ*

ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ.

– ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ ಇದೆ.
– ‘ಟಕಟಕಟಕ’ ಅಂತ ಬಿಡದೆ ಸದ್ದು ಬಂದರೂ ಅದೇ ಕಾರಣ.
– ಲೈಟ್ ಚೆನ್ನಾಗಿ ಉರೀತಿದ್ದು ಒಂದೇ ‘ಟಕ್’ ಬಂದರೆ ಸ್ಟಾರ್ಟರ್, ಅದರ ವೈರ್ ಅಥವಾ ಅರ್ತ್ ನೋಡಿ.
– ಏನೂ ಸದ್ದೇ ಇಲ್ಲ ಅಂದ್ರೆ ಫ್ಯೂಸ್, ಇಗ್ನಿಷನ್ ಸ್ವಿಚ್ ಕಡೆ ಹೋಗಿ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಬಿಗಿ ಮಾಡಿ ವ್ಯಾಸಲೀನ್ ಸವರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಇದನ್ನ ಮರೀಬೇಡಿ.

*ಬ್ಯಾಟರಿ ಪದೇ ಪದೇ ಇಳೀತಿದೆ*

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗೋ ಸಾದಾ ಮಲ್ಟಿಮೀಟರ್ ಒಂದು ಸಾಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಸುತ್ತಮುತ್ತ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಅಂತ. 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ಎಂಜಿನ್ ಸ್ಟಾರ್ಟ್ ಮಾಡಿ ಮತ್ತೆ ನೋಡಿ. ಸುಮಾರು 13.8ರಿಂದ 14.4 ಬಂದರೆ ಆಲ್ಟರ್ನೇಟರ್ ಸರಿ ಇದೆ. ಮೊದಲಿನಷ್ಟೇ ಇದ್ದರೆ ಚಾರ್ಜ್ ಆಗ್ತಿಲ್ಲ. ಆಗ ಬೆಲ್ಟ್ ಸಡಿಲ ಆಗಿದೆಯಾ ಮೊದಲು ನೋಡಿ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿಯನ್ನೇ ಕುದಿಸಿಬಿಡುತ್ತೆ.

ಮೀಟರ್ ಇಲ್ವಾ? ಬ್ಯಾಟರಿ ಚಾರ್ಜ್ ಮಾಡಿ, ರಾತ್ರಿ ನೆಗೆಟಿವ್ ವೈರ್ ಬಿಚ್ಚಿಡಿ. ಬೆಳಗ್ಗೆ ಸಿಕ್ಕಿಸಿದಾಗ ಚೆನ್ನಾಗಿ ಸ್ಟಾರ್ಟ್ ಆದರೆ ಬ್ಯಾಟರಿ ತಪ್ಪಲ್ಲ, ಗಾಡಿಯಲ್ಲೆಲ್ಲೋ ಕರೆಂಟ್ ಸೋರ್ತಿದೆ. ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಹೆಚ್ಚುವರಿ ಹಾರ್ನ್, ಡಿಕ್ಕಿ ಲೈಟ್ ಮೊದಲು ನೋಡಿ. ಬಿಚ್ಚಿಟ್ಟರೂ ಇಳಿದಿದ್ದರೆ ಬ್ಯಾಟರಿಗೇ ವಯಸ್ಸಾಗಿದೆ.

ಕೆಲವರು ಎಂಜಿನ್ ಓಡ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ಆಲ್ಟರ್ನೇಟರ್ ಪರೀಕ್ಷೆ ಮಾಡ್ತಾರೆ. ಎಂಪಿಎಫ್ಐ ಗಾಡಿಯಲ್ಲಿ ಹೀಗೆ ಮಾಡಿದರೆ ಇಸಿಎಂ ಸುಟ್ಟುಹೋಗಬಹುದು. ಮಾಡೋಕೆ ಬಿಡಬೇಡಿ.

*ಎಂಜಿನ್ ತಿರುಗುತ್ತೆ, ಸ್ಟಾರ್ಟ್ ಆಗಲ್ಲ*

ಪೆಟ್ರೋಲ್ ಬರ್ತಿಲ್ಲ ಅಥವಾ ಕಿಡಿ ಬರ್ತಿಲ್ಲ, ಹೆಚ್ಚಾಗಿ ಇವೆರಡರಲ್ಲಿ ಒಂದು. ಎಂಪಿಎಫ್ಐ ಗಾಡಿಯಾದರೆ ಕೀ ‘ಆನ್’ ಮಾಡಿ ಕಿವಿಗೊಡಿ. ಹಿಂದೆ ಟ್ಯಾಂಕ್ ಕಡೆಯಿಂದ ಎರಡು ಸೆಕೆಂಡ್ ‘ಗುಂಯ್’ ಅನ್ನಬೇಕು. ಸದ್ದಿಲ್ಲ ಅಂದ್ರೆ ಪಂಪ್‌ನ ಫ್ಯೂಸ್, ರಿಲೇ ನೋಡಿ. ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲ್ ವಾಸನೆ ಜೋರಾಗಿದ್ದರೆ ಫ್ಲಡ್ ಆಗಿದೆ. ಚೋಕ್ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಐದಾರು ಸೆಕೆಂಡ್ ಸ್ಟಾರ್ಟರ್ ಹೊಡೀರಿ.

ಮಳೆಗಾಲದ ಬೆಳಗ್ಗೆ ಮಾತ್ರ ಈ ತೊಂದರೆ ಇದೆ ಅಂದ್ರೆ, ಡಿಸ್ಟ್ರಿಬ್ಯೂಟರ್ ಇರೋ ಗಾಡಿಯಾದರೆ ಅದರ ಕ್ಯಾಪ್ ಬಿಚ್ಚಿ ಒಳಗಿನ ತೇವ ಒಣಬಟ್ಟೆಯಲ್ಲಿ ಒರೆಸಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಪ್ಲಗ್ ತೆಗೆದು ಬಣ್ಣ ನೋಡಿ: ತಿಳಿಕಂದು ಇದ್ದರೆ ಸರಿ, ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಏರ್ ಫಿಲ್ಟರ್ ಕಟ್ಟಿದೆ, ಎಣ್ಣೆಯಲ್ಲಿ ನೆನೆದಿದ್ದರೆ ಆಯಿಲ್ ಒಳಗೆ ಬರ್ತಿದೆ.

ಅಕ್ಕಿ ಮೂಟೆ, ಬೂಸ ಸಾಗಿಸೋರು ಇನ್ನೊಂದು ನೋಡಿ: ಇಲಿ. ಗೋಡೌನ್ ಪಕ್ಕ ನಿಂತ ಗಾಡಿಯ ವೈರ್ ಅದಕ್ಕೆ ಸಲೀಸು.

*ಫ್ಯೂಸ್ ಹಾರ್ತಿದೆ*

ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಎಷ್ಟರದ್ದು ಹೋಗಿದೆಯೋ ಅಷ್ಟರದ್ದೇ ಹಾಕಿ. ಪದೇ ಪದೇ ಹಾರ್ತಿದೆ ಅಂತ ದೊಡ್ಡದು ಹಾಕೋದು, ಸಿಗರೇಟ್ ಪ್ಯಾಕ್‌ನ ಬೆಳ್ಳಿ ಕಾಗದ ಸುತ್ತೋದು ಬೇಡವೇ ಬೇಡ. ಫ್ಯೂಸ್ ಉಳಿಯುತ್ತೆ, ವೈರ್ ಸುಡುತ್ತೆ. ಗ್ಯಾಸ್ ಕಿಟ್ ಇರೋ ಓಮ್ನಿಯಲ್ಲಿ ಇದು ಪ್ರಾಣದ ಜೊತೆ ಆಟ.

*ಟೆಂಪರೇಚರ್ ಮುಳ್ಳು ಮೇಲೆ ಹೋದ್ರೆ*

ಮೇಲಿನವೆಲ್ಲ ನಾಳೆಗೆ ತಳ್ಳಬಹುದು. ಇದನ್ನ ತಳ್ಳೋ ಹಾಗಿಲ್ಲ. ‘ಗುಂಡ್ಲುಪೇಟೆ ಇನ್ನೇನು ಬಂತು, ಹೋಗೋಣ’ ಅಂತ ಓಡಿಸಿದರೆ ಸಣ್ಣ ಹೋಸ್ ಪೈಪ್‌ನ ಖರ್ಚು ಹೆಡ್ ಗ್ಯಾಸ್ಕೆಟ್, ಎಂಜಿನ್ ಕೆಲಸದವರೆಗೂ ಹೋಗುತ್ತೆ.

– ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕನಿಷ್ಠ ಅರ್ಧ ಗಂಟೆ ಬಿಡಿ.
– ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಕುದಿಯೋ ನೀರು ಮುಖಕ್ಕೆ ಹಾರುತ್ತೆ.
– ಸುಡ್ತಿರೋ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು.
– ತಣ್ಣಗಾದ ಮೇಲೆ ನೀರಿನ ಮಟ್ಟ, ಹೋಸ್, ಫ್ಯಾನ್ ಫ್ಯೂಸ್ ಈ ಮೂರನ್ನು ನೋಡಿ.

ದಿನಾ ಬೋರ್‌ವೆಲ್ ನೀರು ಹಾಕೋ ಅಭ್ಯಾಸ ಬಿಡಿ. ಗಡಸು ನೀರಿನ ಬಿಳಿ ಪದರ ರೇಡಿಯೇಟರ್ ಒಳಗೆ ಕೂತು ದಾರಿ ಕಟ್ಟುತ್ತೆ. ಕೂಲೆಂಟ್ ಹಾಕಿ. ಆಯಿಲ್ ಮುಚ್ಚಳದ ಒಳಗೆ ಹಾಲು ಕಾಫಿ ತರ ನೊರೆ ಕಂಡರೆ ನೀರು ಆಯಿಲ್‌ಗೆ ಸೇರಿರಬಹುದು. ಗಾಡಿ ಓಡಿಸಬೇಡಿ. ಆಯಿಲ್ ಲೈಟ್ ಹತ್ತಿದರೂ ಅಷ್ಟೇ, ಅಲ್ಲೇ ನಿಲ್ಲಿಸಿ.

*ಹೊಗೆಯ ಬಣ್ಣ*

ನೀಲಿ ಹೊಗೆ ಅಂದ್ರೆ ಆಯಿಲ್ ಸುಡ್ತಿದೆ. ಕಪ್ಪು ಅಂದ್ರೆ ಪೆಟ್ರೋಲ್ ಜಾಸ್ತಿ. ಬೆಳಗ್ಗೆ ಸ್ವಲ್ಪ ಹೊತ್ತು ಬಿಳಿ ಬಂದರೆ ಅದು ಬರೀ ಆವಿ. ಬಿಸಿಯಾದ ಮೇಲೂ ದಟ್ಟ ಬಿಳಿ ನಿಲ್ಲದಿದ್ದರೆ ಕೂಲೆಂಟ್ ಸುಡ್ತಿದೆ.

*ಇ20 ಪೆಟ್ರೋಲ್ ಬಂದ ಮೇಲೆ*

ಈಗ ಬಂಕ್‌ಗಳಲ್ಲಿ ಸಿಗೋದು ಶೇ.20 ಎಥನಾಲ್ ಬೆರೆತ ಪೆಟ್ರೋಲ್. ಹಳೇ ಗಾಡಿಯ ರಬ್ಬರ್ ಪೈಪ್, ಗ್ಯಾಸ್ಕೆಟ್ ಇದಕ್ಕೆ ಅಂತ ಮಾಡಿದವಲ್ಲ. ನೀತಿ ಆಯೋಗದ 2021ರ ವರದಿಯೇ ಹಳೇ ವಿನ್ಯಾಸದ ಕಾರುಗಳಲ್ಲಿ ಮೈಲೇಜ್ ಶೇ.6ರಿಂದ 7ರಷ್ಟು ಇಳಿಯಬಹುದು ಅಂದಿತ್ತು. ಎಥನಾಲ್ ನೀರು ಹೀರುತ್ತೆ, ಹಾಗಾಗಿ ಟ್ಯಾಂಕ್‌ನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಇಡಬೇಡಿ. ಪೆಟ್ರೋಲ್ ಪೈಪ್ ಬೆರಳಲ್ಲಿ ಒತ್ತಿ ನೋಡಿ, ಬಿರುಕು ಕಂಡರೆ ಅವತ್ತೇ ಬದಲಾಯಿಸಿ.

*ನಮ್ಮ ಕಡೆಯ ಎರಡು ಅಪಾಯ*

ಮೊದಲನೆಯದು ರಸ್ತೆ ಮೇಲಿನ ಹುರುಳಿ ಒಕ್ಕಣೆ. ಒಣ ಹುರುಳಿ ಗಿಡ ಗಾಡಿ ಕೆಳಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರ್‌ಗೆ ತಾಗಿ ಬೆಂಕಿ ಹತ್ತುತ್ತೆ. ಆದಷ್ಟು ಅದರ ಮೇಲೆ ಹತ್ತಿಸಬೇಡಿ. ಹತ್ತಿಸಲೇಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ ಬಗ್ಗಿ ನೋಡಿ. ಸುಟ್ಟ ವಾಸನೆ ಬಂದರೆ ಮೊದಲು ಎಲ್ಲರೂ ಇಳೀರಿ, ಆಮೇಲೆ ಉಳಿದಿದ್ದು.

ಎರಡನೆಯದು ಕಪಿಲೆ. ಕಬಿನಿಯಿಂದ ಹೆಚ್ಚು ನೀರು ಬಿಟ್ಟಾಗ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಗೆ ನೀರು ಬರೋದನ್ನ 2018, 2019ರಲ್ಲಿ ಎಲ್ಲರೂ ನೋಡಿದ್ದೀವಿ. ನಿಂತ ನೀರಿಗೆ ಗಾಡಿ ಇಳಿಸಬೇಡಿ. ನೀರಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರ್‌ಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ತಳ್ಳಿಕೊಂಡು ಹೊರಗೆ ತನ್ನಿ.

*ಗಾಡಿಯಲ್ಲಿ ಇಟ್ಕೊಳ್ಳಿ*

ಎರಡು ಸೆಟ್ ಫ್ಯೂಸ್, 10 ನಂಬರ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಸ್ಯಾಂಡ್ ಪೇಪರ್, ಟಾರ್ಚ್, ಜಂಪರ್ ಕೇಬಲ್, ಎರಡು ಲೀಟರ್ ನೀರು, ಒಣಬಟ್ಟೆ. ಎಲ್ಲಾ ಸೇರಿದರೂ ಒಂದು ಚೀಲಕ್ಕೆ ಸಾಕು. ನಂಜನಗೂಡು, ತಿ.ನರಸೀಪುರ ಎರಡೂ ರಾಷ್ಟ್ರೀಯ ಹೆದ್ದಾರಿ 766ರ ಮೇಲೇ ಇವೆ, ಹೆದ್ದಾರಿಯಲ್ಲಿ ಸಿಕ್ಕಿಕೊಂಡರೆ 1033ಕ್ಕೆ ಕರೆ ಮಾಡಿ.

ಇಷ್ಟೆಲ್ಲ ನೋಡಿದ ಮೇಲೂ ಸರಿ ಹೋಗದಿದ್ದರೆ ಮೆಕ್ಯಾನಿಕ್ ಹತ್ರ ಹೋಗಿ. ಆದರೆ ‘ಗಾಡಿ ಸ್ಟಾರ್ಟ್ ಆಗಲ್ಲ’ ಅಂತಷ್ಟೇ ಹೇಳಬೇಡಿ. ‘ಬ್ಯಾಟರಿ 12.6 ಇದೆ, ಅರ್ತ್ ಉಜ್ಜಿದ್ದೀನಿ, ಒಂದೇ ಟಕ್ ಬರುತ್ತೆ’ ಅನ್ನಿ. ಬಿಚ್ಚಿದ ಹಳೇ ಪಾರ್ಟ್ ಕೇಳಿ ಇಸ್ಕೊಳ್ಳಿ. ಒಳ್ಳೇ ಮೆಕ್ಯಾನಿಕ್‌ಗೆ ಕೆಲಸ ಸಲೀಸಾಗುತ್ತೆ, ನಿಮ್ಮ ಜೇಬೂ ಉಳಿಯುತ್ತೆ.