ಕ್ಯಾನ್ಸರ್ ಚಿಕಿತ್ಸೆಯ ನಂತರದ ಆತಂಕ: ಔಷಧರಹಿತ ಚಿಕಿತ್ಸೆಗಳ ತುಲನಾತ್ಮಕ ಮಾಹಿತಿ

(ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ನಾಗರಿಕರಿಗಾಗಿ)

ಹುಬ್ಬಳ್ಳಿಯಲ್ಲಾಗಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಾಗಲಿ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದ ಅನೇಕರನ್ನು ಕಾಯಿಲೆ ಮರುಕಳಿಸಬಹುದೆಂಬ ಭಯ ಕಾಡುತ್ತದೆ. ತಪಾಸಣೆಯ ದಿನ ಸಮೀಪಿಸಿದಂತೆ ನಿದ್ರೆ ಬಾರದಿರುವುದು, ಎದೆಬಡಿತ ಹೆಚ್ಚುವುದು, ಸಣ್ಣ ನೋವಿಗೂ ಗಾಬರಿಗೊಳ್ಳುವುದು ಇದರ ಲಕ್ಷಣಗಳು. ಈ ಭಯದಿಂದಲೇ ಕೆಲವರು ಮರುತಪಾಸಣೆಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಪ್ರಸ್ತುತ ಮಾಹಿತಿಯನ್ನು ಒದಗಿಸಲು ಅದೇ ಮುಖ್ಯ ಕಾರಣ.

ಔಷಧರಹಿತ ವಿಧಾನಗಳ ಪೈಕಿ ಹೆಚ್ಚಿನ ಆಧಾರವಿರುವುದು ಮಾತಿನ ಮೂಲಕ ನೀಡುವ ಮನೋಚಿಕಿತ್ಸೆಗೆ, ವಿಶೇಷವಾಗಿ ಕಾಗ್ನಿಟಿವ್ ಬಿಹೇವಿಯರ್ ಥೆರಪಿಗೆ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು 2023ರ ಮಾರ್ಗಸೂಚಿಯಲ್ಲಿ ಇದನ್ನು ಶಿಫಾರಸು ಮಾಡಿದೆ. ಇದರಲ್ಲಿ ರೋಗಿಯು ಭಯ ಹುಟ್ಟಿಸುವ ಆಲೋಚನೆಯನ್ನು ಗುರುತಿಸಿ, ಅದನ್ನು ತೂಗಿ ನೋಡಲು ಕಲಿಯುತ್ತಾನೆ. ಉದಾಹರಣೆಗೆ, ಬೆನ್ನು ನೋವು ಬಂದೊಡನೆ ‘ಮತ್ತೆ ಬಂತು’ ಎಂದುಕೊಳ್ಳುವ ನೇಕಾರರು, ದಿನವಿಡೀ ಮಗ್ಗದ ಬಳಿ ನಿಂತದ್ದೂ ಕಾರಣವಿರಬಹುದೆಂದು ಯೋಚಿಸುತ್ತಾರೆ. (ಆದಾಗ್ಯೂ, ಕಡಿಮೆಯಾಗದ ಹೊಸ ನೋವನ್ನು ವೈದ್ಯರಿಗೆ ತೋರಿಸತಕ್ಕದ್ದು.) ತರಬೇತಿ ಪಡೆದವರೇ ಇದನ್ನು ನೀಡಬೇಕಾದ್ದರಿಂದ ಎಲ್ಲೆಡೆ ಸುಲಭವಾಗಿ ದೊರೆಯುವುದಿಲ್ಲ.

ಮೈಂಡ್‌ಫುಲ್‌ನೆಸ್ ಆಧಾರಿತ ಧ್ಯಾನಕ್ಕೂ ಅದೇ ವರ್ಷ ಶಿಫಾರಸು ದೊರೆತಿದೆ. ಇದು ಸಾಮಾನ್ಯವಾಗಿ 8 ವಾರಗಳ ಶಿಕ್ಷಣವಾಗಿದ್ದು, ಮನೆಯಲ್ಲಿಯೂ ನಿತ್ಯ ಅಭ್ಯಾಸ ಅಗತ್ಯ. ಯೋಗದ ಕುರಿತು ಬೆಂಗಳೂರಿನಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯೋಗ ಮಾಡಿದವರ ಆತಂಕ ಹೆಚ್ಚು ತಗ್ಗಿತ್ತು. ಆದರೆ ಅವರು ಇನ್ನೂ ಚಿಕಿತ್ಸೆಯಲ್ಲಿದ್ದವರೆಂಬುದನ್ನು ಗಮನಿಸಬೇಕು.

ಖರ್ಚಿನ ದೃಷ್ಟಿಯಿಂದ ನಡಿಗೆಗೆ ಸಮನಾದುದಿಲ್ಲ. 2019ರ ಅಂತರರಾಷ್ಟ್ರೀಯ ತಜ್ಞರ ಶಿಫಾರಸಿನಂತೆ ವಾರಕ್ಕೆ 3 ಬಾರಿ, 30 ನಿಮಿಷದಂತೆ ಬಿರುಸಿನ ನಡಿಗೆಯಂತಹ ವ್ಯಾಯಾಮದಿಂದ ಆತಂಕ ಕಡಿಮೆಯಾಗುತ್ತದೆ. ಕೇವಲ ಭಾರ ಎತ್ತುವ ವ್ಯಾಯಾಮಕ್ಕೆ ಅಂತಹ ಆಧಾರ ಸಾಲದು. ಹೊಲದ ಅಥವಾ ಮಗ್ಗದ ದುಡಿಮೆಯೇ ಸಾಕೆಂದು ಭಾವಿಸದೆ ನಡಿಗೆಗೆ ಪ್ರತ್ಯೇಕ ಸಮಯವಿಡುವುದು ಸೂಕ್ತ. ಮೂಳೆಗೆ ಕಾಯಿಲೆ ಹರಡಿದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ನಿದ್ರೆ ಹಾಗೂ ದುಡಿಮೆ ಎರಡು ವಾರ ಮೀರಿ ಕೆಟ್ಟಿದ್ದಲ್ಲಿ ನಡಿಗೆಯನ್ನಷ್ಟೇ ನಂಬದೆ ಆಪ್ತಸಮಾಲೋಚನೆ ಪಡೆಯತಕ್ಕದ್ದು. ಟೆಲಿ-ಮಾನಸ್ ದೂರವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಅರ್ಜಿಯ ಅಗತ್ಯವಿಲ್ಲ. ಬದುಕೇ ಬೇಡವೆನಿಸಿದಲ್ಲಿ ತಡಮಾಡದೆ ಇದೇ ಸಂಖ್ಯೆಗೆ ಕರೆ ಮಾಡುವುದು. ತಾಲ್ಲೂಕು ಆಸ್ಪತ್ರೆಗೆ ತೆರಳುವವರು ಮಾನಸಿಕ ಆರೋಗ್ಯ ತಂಡ ಬರುವ ದಿನವನ್ನು ಮುಂಚಿತವಾಗಿ ವಿಚಾರಿಸಿ, ಆಸ್ಪತ್ರೆಯ ಬಿಡುಗಡೆ ಪತ್ರ ಹಾಗೂ ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ತರತಕ್ಕದ್ದು. ಈಗಾಗಲೇ ಸೇವಿಸುತ್ತಿರುವ ಯಾವುದೇ ಔಷಧವನ್ನು ಸ್ವಇಚ್ಛೆಯಿಂದ ನಿಲ್ಲಿಸಬಾರದು.