ಹಳೆ ಫೈಬರ್ ದೋಣಿ ಖರೀದಿ: ಮೊದಲ ಬಾರಿ ಕೊಳ್ಳುವವರು ನೋಡಬೇಕಾದದ್ದೇನು?

ಮಂಜೇಶ್ವರ, ಉಪ್ಪಳ, ಮೊಗ್ರಾಲ್, ಕಾಸರಗೋಡು ಕಡಲತೀರದಲ್ಲಿ ಮೀನುಗಾರಿಕೆಗೆ ಇಳಿಯುವ ಯುವಕರು ಮೊದಲು ಹುಡುಕುವುದು ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿಯನ್ನು. ಗಲ್ಫ್‌ನಲ್ಲಿ ದುಡಿದು ಉಳಿಸಿದ ಹಣವನ್ನು ಇಬ್ಬರು ಮೂವರು ಸೇರಿ ಹಾಕುವುದೂ ಇದೆ. ಹಳೆ ಕಾರು ಕೈಕೊಟ್ಟರೆ ರಸ್ತೆ ಬದಿ ನಿಲ್ಲಿಸಬಹುದು. ಅಳಿವೆ ಬಾಗಿಲಲ್ಲಿ ಅಲೆ ಏಳುವಾಗ ಇಂಜಿನ್ ನಿಂತರೆ ದೋಣಿ ಮಗುಚುತ್ತದೆ. ಹಾಗಾಗಿ ಹೊಸ ಪೇಂಟ್, ಕಡಿಮೆ ರೇಟ್ ನೋಡಿ ಅದೇ ದಿನ ಅಡ್ವಾನ್ಸ್ ಕೊಡಬಾರದು.

ಮೊದಲು ದಾಖಲೆ

ಮೀನುಗಾರಿಕಾ ದೋಣಿಗೆ ನೋಂದಣಿ ಮತ್ತು ಲೈಸೆನ್ಸ್ ಎರಡೂ ಬೇಕು. ದೋಣಿಯ ಮೇಲೆ ಬರೆದ ನಂಬರ್, ನೋಂದಣಿ ಪತ್ರದ ನಂಬರ್ ಒಂದೇ ಇರಬೇಕು. ಇಂಜಿನ್‌ನ ಸೀರಿಯಲ್ ನಂಬರನ್ನು ಬಿಲ್ ಜೊತೆ ಹೋಲಿಸಿ ನೋಡಬೇಕು. ನಂಬರ್ ಪ್ಲೇಟ್ ಉಜ್ಜಿದ್ದರೆ ಅಥವಾ ಕಿತ್ತಿದ್ದರೆ ಆ ವ್ಯವಹಾರ ಬೇಡ. ದೋಣಿಯ ಮೇಲೆ ಬ್ಯಾಂಕ್ ಅಥವಾ ಸೊಸೈಟಿ ಸಾಲ ಇದೆಯೇ, ಪಾಲುದಾರರಿದ್ದರೆ ಎಲ್ಲರೂ ಮಾರಲು ಒಪ್ಪಿದ್ದಾರೆಯೇ ಎಂದು ವಿಚಾರಿಸಬೇಕು.

ಗಡಿನಾಡಿನವರಿಗೆ ಇನ್ನೊಂದು ವಿಷಯ. ಉಳ್ಳಾಲ, ಮಲ್ಪೆ ಕಡೆ ರೇಟ್ ಕಡಿಮೆ ಸಿಕ್ಕಿದರೂ ಅಲ್ಲಿಯ ನೋಂದಣಿಯಲ್ಲೇ ಕೇರಳದ ಕಡಲಲ್ಲಿ ಮೀನು ಹಿಡಿಯುವಂತಿಲ್ಲ. ತೀರದಿಂದ 12 ನಾಟಿಕಲ್ ಮೈಲಿವರೆಗೆ ಆಯಾ ರಾಜ್ಯದ ಮೀನುಗಾರಿಕಾ ಕಾನೂನು ನಡೆಯುತ್ತದೆ. ಕೇರಳದಲ್ಲಿ 1980ರ, ಕರ್ನಾಟಕದಲ್ಲಿ 1986ರ ಕಾಯ್ದೆ ಇದೆ. ನೋಂದಣಿ ಬದಲಾವಣೆ ಸಾಧ್ಯವೇ ಎಂದು ಮೀನುಗಾರಿಕಾ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ಸಬ್ಸಿಡಿ ಸೀಮೆಎಣ್ಣೆಯ ಲೆಕ್ಕದಲ್ಲಿ ಇಂಜಿನ್ ಕೊಳ್ಳುವವರು ಅದಕ್ಕೆ ಪರ್ಮಿಟ್ ಸಿಗುತ್ತದೆಯೇ ಎಂಬುದನ್ನೂ ಅಲ್ಲೇ ತಿಳಿಯಬೇಕು. ಇಂಜಿನ್‌ನ ವಯಸ್ಸೂ ಅದರಲ್ಲಿ ಮುಖ್ಯ.

ದಡದಲ್ಲಿ, ಬಿಸಿಲಲ್ಲಿ

ದೋಣಿಯನ್ನು ನೀರಲ್ಲಿ ತೇಲುವಾಗ ನೋಡಿದರೆ ಸಾಲದು. ದಡಕ್ಕೆ ಎಳೆಸಿ, ಒಣಗಿದ ಮೇಲೆ ಹಗಲಿನಲ್ಲಿ ಅಡಿಭಾಗ ಪರೀಕ್ಷಿಸಬೇಕು. ನಾಣ್ಯದಿಂದ ಅಥವಾ ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಇರುವ ಕಡೆ ಟಣ್ ಎಂಬ ಸದ್ದು ಬರುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಸದ್ದು ಮಂಕಾಗಿ ಕೇಳುತ್ತದೆ. ಗುಳ್ಳೆ ಎದ್ದಿದ್ದರೆ ಪದರದೊಳಗೆ ನೀರು ಸೇರಿದೆ ಎಂದರ್ಥ. ಒಂದೇ ಜಾಗದಲ್ಲಿ ಹೊಸ ಪೇಂಟ್ ಕಂಡರೆ ಒಳಗಡೆಯಿಂದಲೂ ಅದೇ ಜಾಗ ನೋಡಬೇಕು; ರಿಪೇರಿ ಅಲ್ಲಿ ಕಾಣುತ್ತದೆ.

ಹೆಚ್ಚಿನವರು ಗಮನಿಸದೆ ಬಿಡುವುದು ಇಂಜಿನ್ ಕೂರಿಸುವ ಹಿಂಬದಿ ಹಲಗೆಯನ್ನು. ಫೈಬರ್ ಒಳಗಿನ ಮರ ಬೋಲ್ಟ್ ತೂತಿನಿಂದ ನೀರು ಕುಡಿದು ಕೊಳೆಯುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ಇಂಜಿನ್‌ನ ಕೆಳಭಾಗ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಹಲಗೆ ಬಾಗಿದರೆ, ಬೋಲ್ಟ್ ಪಕ್ಕ ಬಿರುಕಿದ್ದರೆ ಅಥವಾ ನೀರು ಜಿನುಗಿದರೆ ಅದು ದೊಡ್ಡ ಖರ್ಚು.

ಇಂಜಿನ್ ತಣ್ಣಗಿರುವಾಗ

ಹೋಗುವ ಮೊದಲೇ ಇಂಜಿನ್ ಸ್ಟಾರ್ಟ್ ಮಾಡಿಟ್ಟಿದ್ದರೆ ತಣಿಯುವವರೆಗೆ ಕಾಯಬೇಕು. ಹಳೆ ಇಂಜಿನ್‌ನ ದೋಷ ತಿಳಿಯುವುದು ತಣ್ಣಗಿನ ಸ್ಟಾರ್ಟಿಂಗ್‌ನಲ್ಲೇ. ಓಡುವಾಗ ಕೂಲಿಂಗ್ ನೀರು ಸಣ್ಣ ತೂತಿನಿಂದ ಸತತವಾಗಿ ಚಿಮ್ಮಬೇಕು. ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಬೇಕು. ಹಾಲು ಬೆರೆಸಿದ ಚಹಾದಂತಿದ್ದರೆ ಸೀಲ್ ಹೋಗಿ ನೀರು ಒಳಬಂದಿದೆ. ಎರಡು ಸಿಲಿಂಡರ್ ಇದ್ದರೆ ಮೆಕ್ಯಾನಿಕ್‌ನಿಂದ ಕಂಪ್ರೆಷನ್ ಅಳೆಸಿ, ಎರಡೂ ಹೆಚ್ಚುಕಡಿಮೆ ಸಮ ಇದೆಯೇ ನೋಡಬೇಕು. ಮೆಕ್ಯಾನಿಕ್ ಮಾರುವವರ ಕಡೆಯವರಾಗಿರಬಾರದು.

ಕೊನೆಗೆ ಕಡಲಿನಲ್ಲಿ ಓಟ. ಬಲೆ, ಜನ ಸೇರಿದಷ್ಟು ಭಾರ ಹಾಕಿ ಕನಿಷ್ಠ ಅರ್ಧ ಗಂಟೆ ಓಡಿಸಬೇಕು. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಾಯಿಸಿದಾಗ ಇಂಜಿನ್ ತಡವರಿಸುತ್ತದೆಯೇ, ದೋಣಿಯೊಳಗೆ ನೀರು ಬರುತ್ತದೆಯೇ ನೋಡಬೇಕು. ಮಳೆಗಾಲದಲ್ಲಿ ದಡದ ಪರೀಕ್ಷೆ ಸುಲಭ, ಆದರೆ ಕಡಲು ಶಾಂತವಾದ ಮೇಲೆ ಓಡಿಸಿ ನೋಡಿಯೇ ಪೂರ್ತಿ ಹಣ ಕೊಡುವುದೆಂದು ಮಾತಾಡಿಕೊಳ್ಳಬೇಕು. ಲೈಫ್ ಜಾಕೆಟ್, ಹುಟ್ಟು, ಲಂಗರು, ಹಗ್ಗ, ದೀಪದ ಖರ್ಚನ್ನೂ ಬಜೆಟ್‌ನಲ್ಲಿ ಸೇರಿಸಬೇಕು.

ಬರಹದಲ್ಲಿರಲಿ

ಪರಿಚಯದವರು, ಸಂಬಂಧಿಕರು ಎಂದು ಬಾಯಿಮಾತಿನಲ್ಲಿ ಮುಗಿಸುವುದು ಮುಂದೆ ಮನಸ್ತಾಪಕ್ಕೆ ದಾರಿ. ಬಾಕಿ ಹಣದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ಇರಿಸಿ ಎಂಬುದು ಸೂರಃ ಅಲ್ ಬಖರದ 282ನೇ ಆಯತ್‌ನ ಆದೇಶ. ಬೆಲೆ, ಇಂಜಿನ್ ನಂಬರ್, ಗೊತ್ತಿರುವ ದೋಷಗಳು, ಪಾಲುದಾರರ ಪಾಲು ಎಲ್ಲವೂ ಕಾಗದದಲ್ಲಿರಲಿ.

ಸರಕಿನ ದೋಷ ಮುಚ್ಚಿಟ್ಟು ಮಾರುವುದು ಹರಾಮ್. ಮೊದಲೇ ಇದ್ದ ದೋಷ ಕೊಂಡ ನಂತರ ಗೊತ್ತಾದರೆ ವಾಪಸ್ ಕೊಡುವ ಹಕ್ಕು ಫಿಕ್‌ಹ್‌ನಲ್ಲಿದೆ. ಶಾಫಿ ಮದ್‌ಹಬ್ ಪ್ರಕಾರ ದೋಷ ತಿಳಿದ ಕೂಡಲೇ ಹೇಳಬೇಕು. ತಿಳಿದೂ ಬಳಸುತ್ತಾ ಹೋದರೆ ಆ ಹಕ್ಕು ಉಳಿಯುವುದಿಲ್ಲ. ಸಂಶಯವಿದ್ದರೆ ಮಹಲ್ಲಿನ ಉಸ್ತಾದರಲ್ಲಿ ಕೇಳಬಹುದು. ಆದರೆ ಕಡಲಿನ ಮಧ್ಯೆ ಗೊತ್ತಾಗುವ ದೋಷಕ್ಕೆ ವಾಪಸ್ ಕೊಡುವ ಹಕ್ಕು ಆ ಹೊತ್ತಿಗೆ ಉಪಕಾರಕ್ಕೆ ಬರದು. ದಡದಲ್ಲೇ ಎರಡು ದಿನ ಹೆಚ್ಚು ಕಳೆದರೂ ನಷ್ಟವಿಲ್ಲ.